ಒನ್ಸ್ ಮೋರ್

ಹುಚ್ಚೀರಯ್ಯನವರೇ,

ನಿಮ್ಮ ಹಾಡು ಕೇಳಲೆಂದೇ ಭಾನುವಾರ ಹನ್ನೊಂದನೆಯ ಸಲ ಯಲಿಯೂರಿನಿಂದ ಮಂಡ್ಯದ ನಾಟಕದ ಡೇರೆಗೆ ನಡೆದು ಬಂದಿದ್ದೆ. ನಿಮ್ಮ ಪಾತ್ರದ ಮಗ ಸತ್ತಾಗಿನ ಹಾಡಿನಲ್ಲಿ ನಿಮ್ಮ ದನಿ ಮೇಲೇರಲಾಗದೆ ಒಡೆಯಿತು. ಮುಂದಿನ ಕುರ್ಚಿಯ ಪುಂಡರು ನಕ್ಕರು. ಇನ್ನೊಮ್ಮೆ ಹಾಡಿದರೆ ಖಂಡಿತ ಏರುತ್ತೀರೆಂದು ನಾನು ‘ಒನ್ಸ್ ಮೋರ್’ ಎಂದು ಕೂಗಿದೆ. ಅದನ್ನು ಗೇಲಿಯೆಂದುಕೊಂಡು ಡೇರೆಗೆ ಡೇರೆಯೇ ಶಿಳ್ಳೆ ಹಾಕಿ ಅದನ್ನೇ ಕೂಗಿತು. ನೀವು ಕೈಮುಗಿದು ಮತ್ತೆ ಹಾಡಿದಿರಿ. ದನಿ ಅದೇ ಜಾಗದಲ್ಲಿ ಒಡೆಯಿತು.

ಮರುದಿನ ಬೆಳಿಗ್ಗೆ ನಿಮ್ಮನ್ನು ಕಾಣಲೆಂದು ಕಂಪನಿಯ ಬಿಡಾರಕ್ಕೆ ಬಂದೆ. ಅಡುಗೆಯ ಚಲುವಮ್ಮ ಪಾತ್ರೆ ತಿಕ್ಕುತ್ತಿದ್ದರು.

“ಬಣ್ಣದ ಪೆಟ್ಗೆನೂ ಇಲ್ಲೇ ಬುಟ್ಟು ರೈಲತ್ತಿ ಓದ್ರು ಕಣಪ್ಪ. ಯಾವೂರ್ಗೆ ಅಂತ ಯೋಳ್ನಿಲ್ಲ. ಇನ್ ಆಡಾಕಿಲ್ವಂತೆ. ಮೊದ್ಲು ಕೂಗ್ದೋನ್ ಯಾರು ಅಂತ ಕೇಳ್ತಾನೇ ಇದ್ರು. ನಿಂಗೇನಾರ ಗೊತ್ತಾ?”

ಗೊತ್ತಿಲ್ಲ ಎಂದೆ.