ಅಣ್ಣನೆದುರು ಕೇಳಿದ ಪ್ರಶ್ನೆ

ಅಬುಸಿಲಾ, ಮಲೈತಾ ದ್ವೀಪ
ಜೂನ್ ತಿಂಗಳ ಎರಡನೇ ಮಂಗಳವಾರ

ನೆಸ್ಟಾಳ ಅಪ್ಪನವರಿಗೆ,

ನೀವು ಕ್ಷೇಮವೇ ಎಂದು ಕೇಳುವುದಿಲ್ಲ. ಹೊನಿಯಾರಾದಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಆಫೀಸಿನಲ್ಲಿ ತಣ್ಣನೆ ಗಾಳಿ ಬೀಸುತ್ತದೆ, ಮಧ್ಯಾಹ್ನಕ್ಕೆ ಅನ್ನ, ಡಬ್ಬಿ ಮೀನು ಸಿಗುತ್ತದೆ. ಕ್ಷೇಮವಾಗಿಲ್ಲದೆ ನಿಮಗೇನು ಧಾಡಿ? ಇಲ್ಲಿ ನಾನೂ ನೆಸ್ಟಾಳೂ ಇದ್ದೇವೆ. ಇದ್ದೇವೆ ಅಂದರೆ ಇದ್ದೇವೆ, ಅಷ್ಟೆ.

ನಿಮ್ಮ ಕಾಗದ ಶುಕ್ರವಾರದ ಹಡಗಿಗೆ ಬಂತು. ನಿಮ್ಮ ಸಂಸ್ಥೆಯವರು ದೊಡ್ಡ ಹೋಟೆಲಿನಲ್ಲಿ ಸಭೆ ಇಟ್ಟಿದ್ದಾರಂತೆ, ದುಡ್ಡು ಕೊಡುವ ದೇಶದವರೆಲ್ಲ ಬರುತ್ತಾರಂತೆ, ಹಳ್ಳಿಯ ಹೆಂಗಸೊಬ್ಬಳು ಊರ ಮುಂದೆ ಎದ್ದು ನಿಂತು ಧೈರ್ಯವಾಗಿ ಮಾತಾಡಿದ ಕಥೆಯನ್ನು ನಾನೇ ವೇದಿಕೆ ಹತ್ತಿ ಹೇಳಬೇಕಂತೆ. ಹಡಗಿನ ಖರ್ಚು ಸಂಸ್ಥೆಯದಂತೆ. ಹೂವಿನ ಫ್ರಾಕು ಹಾಕಿಕೊಂಡು ಬರಬೇಕಂತೆ. ಕೊನೆಯಲ್ಲಿ ಒಂದು ಸಾಲು: ನೆಸ್ಟಾಳನ್ನೂ ಕರೆದುಕೊಂಡು ಬಾ, ಇಲ್ಲೇ ಇದ್ದುಬಿಡಿ. ಎಷ್ಟೋ ಕ್ರಿಸ್‌ಮಸ್ ಹಬ್ಬಗಳಿಗೆ ನಿಮ್ಮ ದಾರಿ ಕಾದು ಸುಮ್ಮನಾದ ಮೇಲೆ ಈ ಸಾಲು! ಥೂ. ಆ ಕಾಗದ ಮುಟ್ಟಿದ ಕೈ ತೊಳೆದುಕೊಳ್ಳೋಣವೆಂದರೆ ಮನೆಯಲ್ಲಿ ನೀರಿರಲಿಲ್ಲ.

ನಾನು ಬರುವುದಿಲ್ಲ. ಯಾಕೆ ಎಂದು ಬರೆಯದಿದ್ದರೆ "ಅವಳಿಗೆ ಸಂಕೋಚ" ಎಂದು ಅಲ್ಲಿ ಹಲ್ಲು ಕಿರಿಯುತ್ತೀರಿ ಎಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ನೀವು ನೌಕರಿ ಹಿಡಿದು ಪೇಟೆ ಸೇರಿದಾಗ ನನ್ನನ್ನೂ ಮಗಳನ್ನೂ ಕರೆತಂದು ಈ ಊರಿನಲ್ಲಿ ಇಟ್ಟುಕೊಂಡವನು ನನ್ನ ಅಣ್ಣ ಕ್ವೈಗಾ. ನಮ್ಮ ಮನೆಗೆ ಗರಿ ಹೊದಿಸಿದವನು ಅವನು, ಗೆಣಸಿನ ತೋಟಕ್ಕೆ ಕಾಡು ಕಡಿದುಕೊಟ್ಟವನು ಅವನು. ಗಂಡ ಬಿಟ್ಟವಳು ಎಂದು ಒಂದು ಮಾತು ಒಬ್ಬರ ಬಾಯಿಂದ ಬರದಂತೆ ನೋಡಿಕೊಂಡವನೂ ಅವನೇ. ಆಮೇಲೆ ನೀವು ಬಂದಿರಿ, ಅಳಿಯನಾಗಿ ಅಲ್ಲ, ಸಂಸ್ಥೆಯ ಸಾಹೇಬನಾಗಿ, ಬಿಳಿ ಮೇಡಂ ಜೊತೆ ಟ್ರಕ್ಕಿನಲ್ಲಿ. ಊರ ಗಂಡಸರೆಲ್ಲ ಸೇರುವ ಗಂಡಸರ ಮನೆಯಲ್ಲಿ ಕೂತು ಹೇಳಿದಿರಿ: "ಮೊದಲು ಕಕ್ಕಸು, ಆಮೇಲೆ ನಲ್ಲಿ. ಊರಲ್ಲಿ ಎಲ್ರೂ ಕಕ್ಕಸಿಗೇ ಹೋಗ್ತಾರೆ ಅಂತ ಖಾತ್ರಿ ಆದ್ಮೇಲೇ ಪೈಪಿನ ದುಡ್ಡು ಬರೋದು." ಹೊರಗೆ ಕೂತ ನಾವು ಹೆಂಗಸರು ತಲೆ ತಗ್ಗಿಸಿದೆವು. ಒಳಗೆ ನಮ್ಮ ಅಣ್ಣತಮ್ಮಂದಿರಿದ್ದರು, ಅವರಿರುವಾಗ ನಮ್ಮ ಕಿವಿಗೆ ಬೀಳುವಂತೆ ಕಕ್ಕಸಿನ ಮಾತು ಎತ್ತಬಾರದು. ಪೇಟೆಯಲ್ಲಿ ನಿಮ್ಮ ನಾಲಿಗೆ ಸಡಿಲವಾಗಿದೆ, ಹೋಗಲಿ ಎಂದು ನುಂಗಿಕೊಂಡೆವು. ನೀರು ಬೇಕಿತ್ತಲ್ಲ.

ನೀರು ಹೇಗೆ ಬೇಕಿತ್ತು ಎಂದು ನಿಮಗೆ ಹೇಳಬೇಕೇ? ತೊರೆಗೆ ದೋಣಿಯಲ್ಲಿ ಹೋಗಿ ಉಬ್ಬರ ಬರುವ ಮೊದಲೇ ಕ್ಯಾನು ತುಂಬಿಸಬೇಕು, ತಡವಾದರೆ ಉಪ್ಪು. ಮರ ಕಡಿಯುವವರು ಮೇಲೆ ಕಾಡಿಗೆ ಬಂದ ಮೇಲೆ ಅದೂ ಕೆಂಪು ರಾಡಿ. ನೆಸ್ಟಾಳಿಗೆ ಮೂರು ದಿನ ಹೊಟ್ಟೆ ಸರಿಯಿದ್ದರೆ ನಾಲ್ಕನೇ ದಿನ ಇಲ್ಲ. ಶಾಲೆಯ ಮೇಷ್ಟ್ರು ಅವಳ ಹೆಸರು ಕೂಗುವುದನ್ನೇ ಬಿಟ್ಟಿದ್ದಾರೆ. ಗುಡ್ಡದ ಮೇಲೆ ಬಂಡೆಯ ಸಂದಿಯಲ್ಲಿ ಒಳ್ಳೆಯ ನೀರಿನ ಊಟೆ ಹರಿಯುತ್ತಿದೆ, ಅಲ್ಲಿಂದ ಇಲ್ಲಿಗೆ ಒಂದು ಪೈಪು ಬೇಕು. ಅಷ್ಟೇ ನಾವು ಕೇಳಿದ್ದು.

ಸರಿ, ಕಕ್ಕಸು ಕಟ್ಟಿದೆವು. ಗಂಡಸರು ಗುಂಡಿ ತೋಡಿದರು, ನಾವು ದಂಡೆಯಿಂದ ಮರಳು, ಜಲ್ಲಿ ಹೊತ್ತೆವು, ಗೋಡೆಗೆ ಗರಿ ಹೆಣೆದೆವು. ನಿಮ್ಮ ಸಂಸ್ಥೆ ಕೊಟ್ಟದ್ದು ಮಾಡಿಗೆ ತಗಡು ಮತ್ತು ರಸ್ತೆಯಲ್ಲಿ ನಿಲ್ಲಿಸಲು ಬಾವುಟಗಳ ಚಿತ್ರವಿರುವ ಬೋರ್ಡು. ಬೋರ್ಡು ಮಾತ್ರ ಭಾರೀ ಗಟ್ಟಿ. ಎಲ್ಲ ಕಕ್ಕಸುಗಳೂ ರಸ್ತೆಯ ಬದಿಗೆ ಸಾಲಾಗಿ ಇರಬೇಕು, ಟ್ರಕ್ಕಿನಲ್ಲಿ ಬರುವವರಿಗೆ ಕಾಣಬೇಕು ಎಂದವರು ನೀವೇ. ಅಲ್ಲಿಗೆ ಹೋಗುವ ದಾರಿ ಗಂಡಸರ ಮನೆಯ ಮುಂದೆಯೇ ಹಾಯುತ್ತದೆ ಎಂದು ನಾನು ನಿಮಗೆ ಗುಟ್ಟಾಗಿ ಹೇಳಿದ್ದೆ. "ಮೇಡಂಗೆ ಅದೆಲ್ಲ ಹೇಳೋಕಾಗಲ್ಲ ಕಣೇ" ಅಂದಿರಿ. ಅದೆಲ್ಲ ಅಂದರೆ ಏನು? ನಿಮ್ಮನ್ನು ಹೆತ್ತ ತಾಯಿ ಕಲಿಸಿದ ಮರ್ಯಾದೆಯೇ ತಾನೆ?

ಆಮೇಲೆ ಪರೀಕ್ಷೆ ಮಾಡಲು ನಿಮ್ಮ ಸಂಸ್ಥೆಯಿಂದ ಪ್ಯಾಟ್ಸನ್ ಎಂಬ ಹುಡುಗ ಬಂದ. ಬೇರೆ ದ್ವೀಪದವನು, ಪಾಪ, ನಗುನಗುತ್ತಲೇ ಬಂದ. ಇಡೀ ಊರನ್ನು ದೀವಿಹಲಸಿನ ಮರದ ಕೆಳಗೆ ಕೂರಿಸಿದ. ಗಂಡಸರನ್ನು ಕೇಳಿಬಿಟ್ಟರೆ ಸಾಲದು, ಹೆಂಗಸರ ದನಿಯನ್ನೂ ಎಲ್ಲರೆದುರು ಕೇಳಿಸಬೇಕು ಎಂಬುದು ಕೊಡುವ ದೇಶದವರ ನಿಯಮವಂತೆ. ಹೆಂಗಸರ ದನಿಯ ಮೇಲೆ ಅವರಿಗೆ ಎಷ್ಟು ಪ್ರೀತಿ ನೋಡಿ! ಮನೆಯ ಹಿಂದೆ ಕರೆದು, ಇನ್ನೊಬ್ಬ ಹೆಂಗಸು ಕೇಳಿದ್ದರೆ ನಮ್ಮ ದನಿ ದನಿಯಲ್ಲವೇ?

"ಹೆಂಗಸರು ಹೇಳಿ, ನೀವೆಲ್ಲ ದಿನಾ ಹೊಸ ಕಕ್ಕಸಿಗೇ ಹೋಗ್ತೀರಾ?" ಅಂದ. ಹೆಣ್ಣನ್ನು ಅವಳ ಒಡಹುಟ್ಟಿದವನೆದುರು ನಿಲ್ಲಿಸಿ ಆ ಮಾತು ಎತ್ತಿದರೆ ಅದು ಪ್ರಶ್ನೆಯಲ್ಲ, ಬೈಗುಳ. ಅಣ್ಣನ ಮುಖಕ್ಕೆ ಉಗಿದ ಹಾಗೆ. ಮುದುಕಿ ಬುಸುವಾಲಿಯೊಬ್ಬಳೇ ಕೋಲೂರಿ ಎದ್ದಳು: "ನನ್ನ ಅಣ್ಣತಮ್ಮಂದಿರೆಲ್ಲ ಸತ್ತು ಮಣ್ಣಾಗಿದಾರೆ ಮಗಾ. ನನ್ನ ಕೇಳು. ಎಲ್ಲಿಗೆ ಹೋಗ್ತೀನಿ, ಎಷ್ಟೊತ್ತು ಕೂರ್ತೀನಿ, ಎಲ್ಲ ಹೇಳ್ತೀನಿ." ಊರೇ ನಕ್ಕಿತು. ಆ ಹುಡುಗ ಮಾತ್ರ, "ಅಜ್ಜೀ, ನಿಮಗೆ ವಯಸ್ಸು ಜಾಸ್ತಿಯಾಯ್ತು, ನೀವು ಲೆಕ್ಕಕ್ಕೆ ಬರಲ್ಲ" ಅಂದ. ಬುಸುವಾಲಿ ಕೂರುತ್ತಾ, "ಹಂಗಾದ್ರೆ ನನ್ನ ಹೊಟ್ಟೇನೂ ಲೆಕ್ಕಕ್ಕಿಲ್ಲ ಅನ್ನು" ಎಂದು ಗೊಣಗಿದಳು.

ಆಗ ಅವನು ನನ್ನ ಕಡೆ ತಿರುಗಿದ. "ಎಲಿಸನ್ ಸಾರ್ ಹೇಳಿದಾರೆ, ಯಾರೂ ಬಾಯಿ ಬಿಡದಿದ್ರೆ ನಮ್ಮ ಮನೆಯವಳನ್ನ ಕೇಳು, ಅವಳು ಮಾತಾಡ್ತಾಳೆ ಅಂತ." ಎಲಿಸನ್ ಸಾರ್! ನೀವು! ಬಿಳಿ ಮೇಡಂಗೆ ಗೊತ್ತಿಲ್ಲ, ಕ್ಷಮಿಸೋಣ. ಪ್ಯಾಟ್ಸನ್‌ಗೆ ಗೊತ್ತಿಲ್ಲ, ಹೋಗಲಿ. ಕ್ವೈಗಾ ನನಗೆ ಏನು ಎಂದು ಗೊತ್ತಿದ್ದವರು ನೀವು. ಗೊತ್ತಿದ್ದೂ ನನ್ನ ಹೆಸರು ಕೊಟ್ಟು ಕಳಿಸಿದಿರಿ.

ಅಣ್ಣ ಎದುರಿಗೇ ಕೂತು ಅಡಿಕೆಗೆ ಸುಣ್ಣ ಹಚ್ಚುತ್ತಿದ್ದ. ಹುಡುಗ ಮತ್ತೆ ಹೇಳಿದ: "ಅಕ್ಕಾ, ಯಾವ ಹೆಂಗಸೂ ಹೇಳದಿದ್ರೆ ಊರು ಫೇಲು ಅಂತ ಬರ್ಕೊಬೇಕು. ನೀರಿನ ದುಡ್ಡು ಹೋಗುತ್ತೆ." ನೆಸ್ಟಾ ನನ್ನ ಪಕ್ಕದಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ನಾನು ಎದ್ದೆ. "ಹೌದು. ನಾನು ದಿನಾ ಆ ಕಕ್ಕಸಿಗೇ ಹೋಗೋದು" ಎಂದೆ.

ಅಣ್ಣ ಬಾಯಿಯ ಅಡಿಕೆ ಉಗಿದು ಎದ್ದು ಹೋದ. ನನ್ನ ಮುಖ ನೋಡಲಿಲ್ಲ. ಸಂಜೆಯೊಳಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗುಡ್ಡದಾಚೆಯ ತೋಟದ ಗುಡಿಸಲಿಗೆ ಹೊರಟೇಹೋದ. ಮಾರನೆಯ ದಿನ ನಮ್ಮಮ್ಮ ಕೊಟ್ಟಿದ್ದ ಕಪ್ಪೆಚಿಪ್ಪಿನ ಸರವನ್ನು ತಪ್ಪು ಕಾಣಿಕೆಯಾಗಿ ಹಿಡಿದು ಹೋದೆ. ಅತ್ತಿಗೆ ಬೇಲಿಯ ಹತ್ತಿರವೇ ತಡೆದಳು. "ಬೇಡ ಮೇಬಲ್. ಅವರು ಸರ ತಗೊಂಡು ನಿನ್ನ ಕ್ಷಮಿಸಿದ್ರೆ ಊಟ ಸೇರಲ್ಲ ಅಂತಾರೆ." ನಮ್ಮಲ್ಲಿ ಕೊಲೆಗೂ ಸರ ಒಪ್ಪಿಕೊಳ್ಳುತ್ತಾರೆ. ನನಗೆ ಅದೂ ಇಲ್ಲ. ಈಗ ಮಾಡು ಸೋರುತ್ತಿದೆ, ಗರಿ ಹೊದಿಸುವವರಿಲ್ಲ. ಅದಲ್ಲ ದುಃಖ. ನೆಸ್ಟಾ ಮಾವನ ಹೆಸರು ಹೇಳಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಇಷ್ಟೆಲ್ಲ ಆದಮೇಲೆ ಪೈಪು ಬಂತೇ? ಊರು ಪಾಸಾಯಿತು, ಪ್ಯಾಟ್ಸನ್ ಕೈ ಕುಲುಕಿದ, ಫೋಟೊ ತೆಗೆದ. ಆಮೇಲೆ ಮಾತಿಲ್ಲ ಕಥೆಯಿಲ್ಲ. ನಿಮ್ಮ ಕಾಗದದಲ್ಲಿ, ಫ್ರಾಕಿನ ಮಾತಿಗೂ ಹಡಗಿನ ಮಾತಿಗೂ ನಡುವೆ, ಒಂದು ಸಾಲು ತುರುಕಿದ್ದೀರಿ: ಈ ವರ್ಷದ ಹಣ ಮುಗಿಯಿತು, ಕೊಡುವ ದೇಶದವರು ಈಗ ಬೇರೆ ಕೆಲಸಕ್ಕೆ ಮನಸ್ಸು ಮಾಡಿದ್ದಾರೆ, ಹೋಟೆಲಿನಲ್ಲಿ ನಿನ್ನ ಮಾತು ಕೇಳಿ ಮೆಚ್ಚಿದರೆ ಮುಂದೆ ನೋಡೋಣ. ಮುಗಿದದ್ದು ಯಾವ ಹಣ? ಗುಂಡಿ ತೋಡಿದವರು ನಾವು, ಮರಳು ಹೊತ್ತವರು ನಾವು. ಟ್ರಕ್ಕಿಗೆ, ಬೋರ್ಡಿಗೆ, ಫೋಟೊಗೆ, ಆ ಹೋಟೆಲಿನ ಊಟಕ್ಕೆ ಮುಗಿಯಿತೆಂದು ನೇರ ಬರೆಯಿರಿ. ನಮ್ಮ ಪೈಪನ್ನು ಫೋರ್ಕಿನಲ್ಲಿ ಚುಚ್ಚಿ ತಿಂದವರೆದುರು ನಾನು ಹಾಡಿ ಕುಣಿಯಬೇಕೇ? ಅಸಹ್ಯ!

ಮುಂದಿನ ವಾರ ಕಕ್ಕಸುಗಳ ಫೋಟೊ ತೆಗೆಯಲು ಜನ ಕಳಿಸುತ್ತೇನೆ ಎಂದಿದ್ದೀರಿ. ಕಳಿಸಿ. ಮಾಡು ಇರುವುದಿಲ್ಲ. ಭಾನುವಾರ ಪ್ರಾರ್ಥನೆ ಮುಗಿಸಿ ನಾವು ಹೆಂಗಸರೇ ತಗಡು ಕಿತ್ತು, ಚರ್ಚಿನ ಪಕ್ಕಕ್ಕೆ ಇಳಿಜಾರಾಗಿ ಜೋಡಿಸಿ, ಕೆಳಗೆ ಡ್ರಮ್ಮು ಇಟ್ಟಿದ್ದೇವೆ. ಊರ ಯಜಮಾನ ಓಡಿಬಂದು, "ಏಯ್, ಅದು ಪ್ರಾಜೆಕ್ಟಿನ ತಗಡು!" ಎಂದು ಕಿರುಚಿದ. ಬುಸುವಾಲಿ, "ಹೌದಪ್ಪಾ, ತಗಡು ಪ್ರಾಜೆಕ್ಟಿಂದೇ. ಮಳೆ ನಿಮ್ಮಪ್ಪಂದಾ?" ಅಂದಳು. ಅವನು ಬಾಲ ಮುದುರಿಕೊಂಡು ಹೋದ. ಒಂದು ಡ್ರಮ್ಮಿನಿಂದ ಊರಿನ ಬಾಯಾರಿಕೆ ತೀರುವುದಿಲ್ಲ, ನನಗೆ ಗೊತ್ತು. ನಿನ್ನೆ ಮಾತ್ರ ನೆಸ್ಟಾ ಉಪ್ಪಿಲ್ಲದ ನೀರು ಕುಡಿದಳು.

ಮಗಳನ್ನು ನೋಡಬೇಕೆನಿಸಿದರೆ ಅಪ್ಪನಾಗಿ ಬನ್ನಿ. ಟ್ರಕ್ಕಿನಲ್ಲಿ ಬರಬೇಡಿ.

ಇಂತು,
ನಿಮ್ಮ ಮಗಳ ತಾಯಿ,
ಮೇಬಲ್

ತಾ.ಕ.: ಅಂದು ನಾನು ಹೇಳಿದ್ದು ಸುಳ್ಳು. ಆ ಕಕ್ಕಸಿನ ಸಾಲಿಗೆ ನಾನು ಒಂದು ದಿನವೂ ಕಾಲಿಟ್ಟಿಲ್ಲ, ಈ ಊರಿನ ಯಾವ ಹೆಣ್ಣೂ ಇಟ್ಟಿಲ್ಲ. ಅಣ್ಣತಮ್ಮಂದಿರ ಕಣ್ಣೆದುರು ಆ ದಾರಿಯಲ್ಲಿ ಹೇಗೆ ನಡೆಯುವುದು? ಈಗಲೂ ಬೆಳಗಾಗುವ ಮೊದಲು ಕಡಲ ದಂಡೆಯ ಕಾಂಡ್ಲಾ ಕಾಡಿಗೇ ಹೋಗುತ್ತೇವೆ. ಅಣ್ಣನಿಗೂ ಅದು ಗೊತ್ತು. ಅತ್ತಿಗೆಯ ಬಾಯಲ್ಲಿ ಅವನು ಹೇಳಿಕಳಿಸಿದ ಇನ್ನೊಂದು ಮಾತನ್ನು ಮೇಲೆ ಬರೆಯಲು ಕೈ ಬರಲಿಲ್ಲ: "ನಿಜ ಹೇಳಿದ್ದಿದ್ರೆ ಹೆಂಗೋ ನುಂಗ್ಕೊತಿದ್ದೆ. ಸುಳ್ಳು ಹೇಳಿ ನನ್ನ ಮಾನ ಕಳೆದ್ಲಲ್ಲ." ಹೋಟೆಲಿನ ವೇದಿಕೆಯ ಮೇಲೆ ಇದನ್ನು ಹೇಳಲು ಬಿಡುತ್ತೀರಾದರೆ ತಿಳಿಸಿ. ಮುಂದಿನ ಹಡಗಿಗೇ ಬರುತ್ತೇನೆ.