ಮೂವತ್ತೆರಡನೇ ಪುಟಕ್ಕೇ ನಿಂತುಹೋದ ನರಕ

ಧರ್ಮೋಪದೇಶ ವಿಭಾಗದ ಮಾನ್ಯ ನಿರ್ದೇಶಕರೇ,

ನಿಮ್ಮ ಕಚೇರಿಯ ಹಳೆಯ ಕಡತಗಳಲ್ಲಿ ಎರಡು ಪ್ಯಾರಾ ಮಲಗಿವೆ. ಅವು ಹೊರಗೆ ಬಾರದ ಕಾರಣ ನನ್ನ ತಂಗಿ, ಸಾಯುವ ಮುನ್ನ ಚರ್ಚಿನ ಗುರುಗಳು ಕೊಡುವ ಪರಮಪ್ರಸಾದವನ್ನು ಒಲ್ಲೆ ಎನ್ನುತ್ತಿದ್ದಾಳೆ. ಇನ್ನು ಕೆಲವೇ ವಾರಗಳ ಮಾತು ಎಂದು ವೈದ್ಯರು ಹೇಳಿದ್ದಾರೆ. ನಿಮ್ಮ ಕಚೇರಿಯಿಂದ ನನಗೆ ಈವರೆಗೆ ಮೂರು ಉತ್ತರ ಬಂದಿವೆ. ಮೂರರಲ್ಲೂ ಇರುವುದು ‘ವಿಷಯ ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲು. ಮೂರನೆಯದರಲ್ಲಿ ಸಹಿ ಮಾತ್ರ ಬೇರೆ, ಅಷ್ಟರಮಟ್ಟಿಗೆ ಪ್ರಗತಿ ಆಗಿದೆ ಎಂದುಕೊಂಡೆ. ಮುಚ್ಚಿದ ಲಕೋಟೆಯಲ್ಲಿ ಕೇಳಿ ಸಾಕಾಯಿತು. ಇನ್ನು ನಾಲ್ಕು ಜನರೆದುರಿಗೇ ಕೇಳುತ್ತೇನೆ.

ನೀವು ಆ ಕುರ್ಚಿಗೆ ಹೊಸಬರು, ನಾನು ಈ ವಿಷಯಕ್ಕೆ ಹಳಬ. ಮೂವತ್ತೆಂಟು ವರ್ಷದ ಹಿಂದೆ ನಿಮ್ಮ ವಿಭಾಗ ಭಾನುವಾರದ ಪಾಠಕ್ಕೆಂದು ನರಕದ ಮೇಲೆ ಒಂದು ಕಿರುಪುಸ್ತಕ ಅಚ್ಚು ಹಾಕಿಸಿತು. ಸೀಸದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಆ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವನು ನಾನು. ಹದಿನಾರು ಪುಟಕ್ಕೆ ಒಂದು ಫಾರಂ, ಎರಡು ಫಾರಂಗೆ ಮೂವತ್ತೆರಡು ಪುಟ. ಅದರ ಮೇಲೆ ಒಂದು ಸಾಲು ಹೆಚ್ಚಾದರೂ ಇನ್ನೊಂದು ಹಾಳೆ ಬೇಕು, ಮಡಿಕೆ ಬೇರೆ, ಹೊಲಿಗೆ ಬೇರೆ. ನಿಮ್ಮವರ ಹಸ್ತಪ್ರತಿ ಮೂವತ್ಮೂರನೇ ಪುಟಕ್ಕೆ ಎರಡು ಪ್ಯಾರಾದಷ್ಟು ಕಾಲು ಚಾಚಿತ್ತು. ನಿಮ್ಮ ವಿಭಾಗದ ಅಂದಿನ ಕಾರ್ಯದರ್ಶಿ ಬಂದು ನನ್ನ ಮೇಜಿನ ಮುಂದೆ ಕೂತರು.

“ಕೊನೇ ಎರಡು ಪ್ಯಾರಾ ತೆಗೆದುಬಿಡಿ.”

“ಬೆಂಕಿ ಚಿತ್ರ ಅರ್ಧ ಪುಟ ತಿಂತಾ ಇದೆಯಲ್ಲ ಸರ್. ಅದನ್ನ ತೆಗೆದ್ರೆ ಎಲ್ಲಾ ಹಿಡಿಸುತ್ತೆ.”

“ಚಿತ್ರ ಇರ್ಲಿ ಬಿಡ್ರಿ. ಮಕ್ಕಳಿಗೆ ನೆನಪುಳಿಯೋದೇ ಅದು. ಕೊನೇ ಪುಟಕ್ಕೆ ಬರೋಷ್ಟರಲ್ಲಿ ಎಲ್ಲಾ ಆಕಳಿಸ್ತಾ ಕೂತಿರ್ತಾವೆ. ಆ ಎರಡು ಪ್ಯಾರಾ ಮುಂದಿನ ಸಲ ಸೇರಿಸೋಣ.”

ನಾನು ಕೆಂಪು ಪೆನ್ಸಿಲಿನಿಂದ ಅಡ್ಡಗೆರೆ ಎಳೆದೆ. ಮುಂದಿನ ಸಲ ಎನ್ನುವುದು ಹನ್ನೊಂದು ಸಲ ಬಂತು. ಮೊಳೆ ಹೋಯಿತು, ಕಂಪ್ಯೂಟರ್ ಬಂತು. ಎಷ್ಟು ಪುಟ ಬೇಕಾದರೂ ಹಾಕಬಹುದಾದ ಕಾಲ ಬಂದರೂ ನರಕ ಮಾತ್ರ ಮೂವತ್ತೆರಡೇ ಪುಟದ್ದಾಗಿ ಉಳಿಯಿತು. ಅದರ ಕೊನೆಯ ವಾಕ್ಯ ಇವತ್ತಿಗೂ ಹೀಗಿದೆ: ‘ಅಲ್ಲಿಗೆ ಹೋದವರು ಯಾರೂ ಮರಳುವುದಿಲ್ಲ.’ ನಾನು ಹೊಡೆದುಹಾಕಿದ ಭಾಗ ‘ಆದರೆ’ ಎಂದು ಶುರುವಾಗುತ್ತಿತ್ತು. ಇಂಥವನು ನರಕದಲ್ಲಿದ್ದಾನೆ ಎಂದು ಧರ್ಮಸಭೆ ಈವರೆಗೆ ಒಬ್ಬರ ಹೆಸರನ್ನೂ ಹೇಳಿಲ್ಲ, ಹೇಳುವ ಅಧಿಕಾರ ಯಾವ ಪಾಠದ ಟೀಚರಿಗೂ ಇಲ್ಲ ಎಂಬುದು ಮೊದಲ ಪ್ಯಾರಾದ ಸಾರ. ಕೊನೆಯ ಉಸಿರಿನಲ್ಲಿ ಒಬ್ಬನ ಮನಸ್ಸಿನೊಳಗೆ ಏನು ನಡೆಯಿತೆಂಬುದು ದೇವರಿಗೆ ಮಾತ್ರ ಗೊತ್ತು, ಆದ್ದರಿಂದ ಎಲ್ಲರಿಗಾಗಿಯೂ ಪ್ರಾರ್ಥಿಸಿ, ಯಾರನ್ನೂ ಕೈಬಿಡಬೇಡಿ ಎಂಬುದು ಎರಡನೆಯದರ ಸಾರ. ಸಾರ ಮಾತ್ರ ನೆನಪಿದೆ. ಮಾತುಗಳು ನಿಮ್ಮ ಬೀರುವಿನಲ್ಲಿವೆ.

ಆ ಪುಸ್ತಕವನ್ನು ಮೂವತ್ತು ವರ್ಷ ಪಾಠ ಮಾಡಿದವಳು ನನ್ನ ತಂಗಿ. ಒಳ್ಳೆಯ ಟೀಚರ್. ಮೂವತ್ತೆರಡನೇ ಪುಟ ಬಾಯಿಪಾಠ ಒಪ್ಪಿಸದ ಮಗುವನ್ನು ಮನೆಗೆ ಬಿಡುತ್ತಿರಲಿಲ್ಲ. ಒಪ್ಪಿಸಿದವರಲ್ಲಿ ಅವಳ ಮಗನೂ ಒಬ್ಬ. ಬೆಳೆದು ಲಿಫ್ಟ್ ರಿಪೇರಿ ಕೆಲಸಕ್ಕೆ ಸೇರಿದ. ಕಚೇರಿಗಳ ಲಿಫ್ಟ್ ಖಾಲಿ ಇರುವುದು ಭಾನುವಾರವೇ ತಾನೆ? ಅವನಿಗೆ ಹೆಚ್ಚು ಕೆಲಸ ಬೀಳುತ್ತಿದ್ದದ್ದೂ ಅಂದೇ. ಚರ್ಚಿನ ಬಲಿಪೂಜೆಗೆ ಹೋಗುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಇದೇ ಕಾರಣಕ್ಕೆ ತಾಯಿ ಮಗನಿಗೆ ಪ್ರತಿ ಶನಿವಾರ ಜಗಳ.

“ಬೇರೆ ದಿನ ಮಾಡೋಕೆ ಏನು ಧಾಡಿ ನಿಂಗೆ?”

“ಅಮ್ಮಾ, ಸೋಮವಾರ ಲಿಫ್ಟ್ ನಿಲ್ಲಿಸಿದ್ರೆ ಇಡೀ ಕಟ್ಟಡದ ಜನ ನನ್ನನ್ನ ನೇರವಾಗಿ ನರಕಕ್ಕೇ ಕಳಿಸ್ತಾರೆ. ಊರಿನವರನ್ನೆಲ್ಲ ಮೇಲಕ್ಕೆ ಹತ್ತಿಸೋದು ನನ್ನ ಕೆಲಸ. ನನ್ನನ್ನ ಹತ್ತಿಸೋದು ನಿನ್ನ ಕೆಲಸ, ಆಯ್ತಾ?”

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ, ತಾಯಿ ಪೂಜೆಯಲ್ಲಿ ಮೊಣಕಾಲೂರಿ ಕೂತಿದ್ದ ಹೊತ್ತಿಗೆ, ಅವನು ಲಿಫ್ಟಿನ ಗುಂಡಿಯಲ್ಲಿ ಆರು ಮಹಡಿ ಕೆಳಕ್ಕೆ ಬಿದ್ದು ಸತ್ತ. ಪಾಪನಿವೇದನೆ ಇಲ್ಲ, ಸಾಯುವವರಿಗೆ ಎಣ್ಣೆ ಹಚ್ಚುವ ಅಂತ್ಯಾಭ್ಯಂಗ ಇಲ್ಲ. ಪೂಜೆ ಬಿಟ್ಟು ಹೀಗೆ ಸತ್ತವನು ಪುಸ್ತಕದ ಪ್ರಕಾರ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋದ ಎಂದು ಅವಳು ತೀರ್ಮಾನಿಸಿದಳು. ಅಳಲಿಲ್ಲ. ಈಗ ಅವಳದೇ ಸರದಿ ಬಂದಿದೆ. ಹೋದ ತಿಂಗಳು ಧರ್ಮಕೇಂದ್ರದ ಗುರುಗಳು ಎಣ್ಣೆ, ಪ್ರಸಾದ ಹಿಡಿದು ಬಂದಾಗ ಗೋಡೆಯ ಕಡೆ ಮಗ್ಗುಲಾದಳು.

“ಬೇಡ ಫಾದರ್. ಇದನ್ನ ತಗೊಂಡ್ರೆ ನಾನು ಮೇಲಕ್ಕೆ ಹೋಗ್ತೀನಿ. ಅವ್ನು ಅಲ್ಲಿಲ್ಲ.”

ಗುರುಗಳು ಚಿಕ್ಕ ವಯಸ್ಸಿನವರು, ಒಳ್ಳೆಯವರು. ದೇವರ ಕರುಣೆಯ ಬಗ್ಗೆ ಅರ್ಧ ಗಂಟೆ ಹೇಳಿದರು. ಇವಳು ದಿಂಬಿನಡಿಯಿಂದ ಪುಸ್ತಕ ತೆಗೆದು ಕೊನೆಯ ಪುಟ ತೋರಿಸಿದಳು. “ನೀವು ಹೇಳ್ತಿರೋದು ಇದ್ರಲ್ಲಿ ಎಲ್ಲಿದೆ ಫಾದರ್? ಮೂವತ್ತು ವರ್ಷ ಪಾಠ ಮಾಡಿದೋಳು ನಾನು.” ಅವರು ಪುಸ್ತಕ ತಿರುವಿದರು, ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಅವರು ಹೋದ ಮೇಲೆ ತಂಗಿಗೆ ಅಂದು ಮುದ್ರಣಾಲಯದಲ್ಲಿ ನಡೆದದ್ದೆಲ್ಲ ಹೇಳಿದೆ. ಅವಳು ನಕ್ಕಳು. “ನನ್ನ ಸಮಾಧಾನಕ್ಕೆ ಕಥೆ ಕಟ್ತೀಯೇನೋ ಅಣ್ಣ? ಚಿಕ್ಕಂದಿನಿಂದ್ಲೂ ನಿಂಗೆ ಸುಳ್ಳು ಹೇಳೋಕೆ ಬರಲ್ಲ. ಇದ್ರೆ ತೋರಿಸು. ಅಚ್ಚಲ್ಲಿ ತೋರಿಸು.”

ಮಾನ್ಯರೇ, ಆ ಪುಸ್ತಕದ ಅಂಚಿನಲ್ಲಿ ಧರ್ಮಗ್ರಂಥದ ವಚನಗಳ ಸಂಖ್ಯೆಗಳಿದ್ದವು. ಅಧ್ಯಾಯ, ವಚನ ಸರಿಯಿದೆಯೇ ಎಂದು ತಾಳೆ ನೋಡುವುದು ನನ್ನ ಕೆಲಸವಾಗಿತ್ತು. ಸಂಖ್ಯೆ ನೋಡಿದೆ, ಮಾತು ನೋಡಲಿಲ್ಲ. ನಿವೃತ್ತನಾದ ಮೇಲೆ ನೋಡಿದೆ. ಹಳೆಯ ಒಡಂಬಡಿಕೆಯ ಬಹುಭಾಗದಲ್ಲಿ ಸತ್ತವರು ಇಳಿಯುವುದು ಷೆಯೋಲ್ ಎಂಬ ಕತ್ತಲ ಪಾತಾಳಕ್ಕೆ. ಒಳ್ಳೆಯವರೂ ಅಲ್ಲಿಗೇ, ಕೆಟ್ಟವರೂ ಅಲ್ಲಿಗೇ. ಅಲ್ಲಿ ಮೌನವಿದೆ, ಬೆಂಕಿಯಿಲ್ಲ. ನಿಮ್ಮ ಪುಸ್ತಕ ಆ ವಚನಗಳ ಪಕ್ಕಕ್ಕೂ ಅದೇ ಬೆಂಕಿಯ ಚಿತ್ರ ಅಂಟಿಸಿತು. ಇನ್ನು ಯೇಸು ಎಚ್ಚರಿಸುವಾಗ ಆಡಿದ, ನಾವು ನರಕ ಎಂದು ಓದುವ ಮಾತು ಗೆಹೆನ್ನ. ಅದು ಜೆರುಸಲೇಮಿನ ಗೋಡೆಯಾಚೆಗಿನ ಒಂದು ನಿಜವಾದ ಕಣಿವೆಯ ಹೆಸರು. ಊರ ಕಸವೆಲ್ಲ ಅಲ್ಲಿ ಸದಾ ಉರಿಯುತ್ತಿತ್ತು ಎಂದು ಪ್ರವಚನಗಳಲ್ಲಿ ಹೇಳುತ್ತಾರೆ. ಅದಕ್ಕೆ ಆಧಾರ ತೆಳು. ಗಟ್ಟಿ ಆಧಾರ ಇರುವುದು ಅದಕ್ಕಿಂತ ಘೋರವಾದುದಕ್ಕೆ. ಒಂದು ಕಾಲದ ರಾಜರು ಅಲ್ಲಿ ಹೆತ್ತ ಮಕ್ಕಳನ್ನೇ ಬೆಂಕಿಗೆ ಕೊಟ್ಟರು. ಆಗ ದೇವರು ಪ್ರವಾದಿಯ ಬಾಯಲ್ಲಿ ಏನು ಹೇಳಿಸಿದ? ಇದನ್ನು ನಾನು ವಿಧಿಸಿಲ್ಲ, ಇಂಥದ್ದು ನನ್ನ ಮನಸ್ಸಿಗೂ ಬಂದಿರಲಿಲ್ಲ ಎಂದು. ಯಾರ ಮನಸ್ಸಿಗೇ ಇದು ಬಂದಿರಲಿಲ್ಲವೋ ಅವನ ಹೆಸರಿನಲ್ಲಿ ನಾವು ಮೂವತ್ತೆಂಟು ವರ್ಷ ಮಕ್ಕಳಿಗೆ ಏನು ಬಾಯಿಪಾಠ ಮಾಡಿಸಿದೆವು?

ನರಕವೇ ಇಲ್ಲ ಎನ್ನುವವನು ನಾನಲ್ಲ. ಹಾಗೆಂದು ಬರೆದು ಈ ಪತ್ರವನ್ನು ಬದಿಗಿಡುವ ಸುಖ ನಿಮಗೆ ಬೇಡ. ಯೇಸು ಆ ಮಾತನ್ನು ಹಗುರವಾಗಿ ಆಡಲಿಲ್ಲ. ಕೊನೆಯ ತೀರ್ಪಿನಲ್ಲಿ ಒಳ್ಳೆಯವರನ್ನು ಕುರಿಗಳಂತೆ ಬಲಕ್ಕೂ ಕೆಟ್ಟವರನ್ನು ಆಡುಗಳಂತೆ ಎಡಕ್ಕೂ ಬೇರ್ಪಡಿಸುವ ಪ್ರಸಂಗದಲ್ಲಿ ನಿತ್ಯವಾದ ಬೆಂಕಿ ಸ್ಪಷ್ಟವಾಗಿಯೇ ಇದೆ, ಅದನ್ನು ಓದಿದಾಗ ನನಗೂ ನಡುಕ. ಆದರೆ ಅಲ್ಲಿ ಕೇಳುವ ಪ್ರಶ್ನೆಗಳು ಯಾವುವು? ಹಸಿದವನಿಗೆ ಕೊಟ್ಟೆಯಾ, ರೋಗಿಯನ್ನು ನೋಡಲು ಹೋದೆಯಾ? ಪೂಜೆಯ ಹಾಜರಿ ಪುಸ್ತಕ ಅಲ್ಲಿ ನನಗಂತೂ ಕಾಣಲಿಲ್ಲ. ಆಸ್ಪತ್ರೆಯ ಲಿಫ್ಟ್ ಕೆಟ್ಟರೆ ಉಣ್ಣುವ ತಟ್ಟೆ ಬಿಟ್ಟು ಓಡುತ್ತಿದ್ದವನನ್ನು ಎಡಕ್ಕೆ ನಿಲ್ಲಿಸಿದವರು ನ್ಯಾಯಾಧಿಪತಿಯೋ, ನಾವೋ?

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಧರ್ಮಗ್ರಂಥದ ಮೊದಲ ಭಾಗದಲ್ಲೇ ಒಬ್ಬ ಮುದಿತಂದೆ ಬರುತ್ತಾನೆ. ಮಗನ ರಕ್ತಸಿಕ್ತ ಅಂಗಿ ಕಂಡು, ಯಾರ ಸಮಾಧಾನವನ್ನೂ ಒಪ್ಪದೆ, ಅಳುತ್ತಲೇ ಪಾತಾಳಕ್ಕಿಳಿದು ಮಗನನ್ನು ಸೇರುತ್ತೇನೆ ಎನ್ನುತ್ತಾನೆ. ನನ್ನ ತಂಗಿ ಗೋಡೆಗೆ ಮುಖ ಮಾಡಿ ಹೇಳಿದ್ದೂ ಅದನ್ನೇ. ಆ ತಂದೆಗೆ ಗೊತ್ತಿಲ್ಲದ ಸಂಗತಿ, ಮಗ ಬದುಕಿದ್ದ. ಅಂಗಿ ತಂದುಕೊಟ್ಟ ಆ ಮಗನ ಅಣ್ಣಂದಿರು ಉಳಿದದ್ದನ್ನು, ತಾವೇ ಅವನನ್ನು ಮಾರಿದ್ದನ್ನು, ಹೇಳಿರಲಿಲ್ಲ. ಆ ಅಣ್ಣಂದಿರ ಸಾಲಿನಲ್ಲಿ ನಾನೂ ಒಬ್ಬ, ಅವರ ಬೆನ್ನಿಗೆ ನಿಮ್ಮ ಕಚೇರಿ.

ಆ ಎರಡು ಪ್ಯಾರಾಗಳನ್ನು ನಾನೇ ಬರೆದು, ಅಚ್ಚು ಹಾಕಿಸಿ ಅವಳ ಕೈಗಿಡಬಹುದಿತ್ತು. ಆ ಕಸುಬು ನನಗೆ ಮರೆತಿಲ್ಲ. ಒಂದು ಸಂಜೆ ಕಾಗದ ತೆಗೆದು ಕೂತೂ ಇದ್ದೆ. ಮೊದಲ ವಾಕ್ಯ ನನ್ನದಾಗಿ ಕಂಡಿತು, ಹರಿದುಹಾಕಿದೆ. ಸಾಯುವವಳ ಕೈಯಲ್ಲಿ ನಕಲಿ ಇಡಲಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಹದಿಮೂರನೇ ಮುದ್ರಣ, ಸಮಿತಿ, ಕ್ಷಮಾಪಣೆ ಎಲ್ಲ ನಿಮ್ಮ ಅನುಕೂಲದಂತೆ ಆಗಲಿ. ಈ ವಾರ ಯಾರನ್ನಾದರೂ ಬೀರು ತೆಗೆಯಲು ಹೇಳಿ. ಆ ಹಸ್ತಪ್ರತಿಯ ಕೊನೆಯ ಹಾಳೆಯ ಮೇಲೆ ನನ್ನ ಕೆಂಪು ಗೆರೆ ಇದೆ. ಅದನ್ನೇ ಕಳಿಸಿ, ನಕಲು ಬೇಡ. ಮೂವತ್ತು ವರ್ಷ ನಿಮ್ಮ ಪುಸ್ತಕವನ್ನು ನಂಬಿದವಳು ಆ ಗೆರೆಯ ಕೆಳಗಿನ ಅಕ್ಷರಗಳನ್ನು ತಾನೇ ಓದಿಕೊಳ್ಳುತ್ತಾಳೆ. ಕನ್ನಡಕ ಒರೆಸಿ ಮಂಚದ ಪಕ್ಕ ಇಟ್ಟಿದ್ದೇನೆ.

ಇಂತಿ,
ಆ ಪುಸ್ತಕದಲ್ಲಿ ಒಂದು ಅಚ್ಚಿನ ತಪ್ಪನ್ನೂ ಉಳಿಸದೆ ಇದೊಂದನ್ನು ಮಾಡಿದ,
ನಿವೃತ್ತ ಕರಡು ತಿದ್ದುಗ