ಇಲ್ಲದ ಬಣವೆ

ಕುಷ್ಟಗಿ
ಮಂಗಳವಾರ, ೧೮ ನವೆಂಬರ್ ೨೦೨೫

ಪ್ರೀತಿಯ ಮಗ ಹನಮೇಶನಿಗೆ, ನಿನ್ನ ಅವ್ವ ಹುಲಗಮ್ಮ ಮನಸಾರೆ ಮಾಡುವ ಆಶೀರ್ವಾದಗಳು.

ಹೇಗಿದ್ದೀ? ಪರೇಡಿನಲ್ಲಿ ಎದ್ದ ಕಾಲಿನ ಬೊಬ್ಬೆಗಳು ಒಣಗಿದವೇ? ಬೂಟಿನೊಳಗೆ ದಪ್ಪ ಕಾಲುಚೀಲ ಹಾಕಿಕೋ ಎಂದರೆ ನೀನು ಕೇಳುವವನಲ್ಲ. ಗುರೆಳ್ಳು ಚಟ್ನಿಪುಡಿಯ ಡಬ್ಬಿ ಕೈಸೇರಿತೇ? ಗೆಳೆಯರಿಗೂ ಕೊಡು, ಆದರೆ ಒಂದೇ ದಿನಕ್ಕೆ ಬರಿದು ಮಾಡಬೇಡ. ಇಲ್ಲಿ ನಾವಿಬ್ಬರೂ ಮೈಯಿಂದ ಆರಾಮಾಗಿದ್ದೇವೆ. ಟ್ರೇನಿಂಗಿನವರು ನಿಮಗೆ ಫೋನು ಕೊಡುವುದೇ ವಾರಕ್ಕೊಮ್ಮೆ; ಮೊನ್ನೆ ಭಾನುವಾರ ಸಂಜೆ ನೀನು ಫೋನು ಮಾಡಿದಾಗ ಅಪ್ಪ ಮಲಗಿದ್ದಾರೆ ಎಂದೆನಲ್ಲ, ಅದು ಸುಳ್ಳು. ಅವರು ನನ್ನ ಎದುರಿಗೇ ಕೂತಿದ್ದರು, ಬೇಡ ಎಂದು ಕೈ ಮಾಡಿದರು. ಯಾಕೆಂಬುದನ್ನು ಫೋನಿನಲ್ಲಿ ಹೇಳಲಾರದೆ ಈ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದುವವರೆಗೆ ಯಾರಿಗೂ ತೋರಿಸಬೇಡ.

ನಮ್ಮ ಓದುವ ಬಳಗ ನಿನಗೆ ಗೊತ್ತೇ ಇದೆ. ಗ್ರಂಥಾಲಯ ನೋಡಿಕೊಳ್ಳುವ ಹಸೀನಾಬೇಗಂ ಭಾನುವಾರ ಹನ್ನೊಂದು ಗಂಟೆಗೆ ನಮ್ಮನ್ನೆಲ್ಲ ಸೇರಿಸುತ್ತಾಳೆ. ಹತ್ತು ಹನ್ನೆರಡು ಮಂದಿ, ಒಬ್ಬರು ಓದುವುದು, ಉಳಿದವರು ಕೇಳುವುದು, ಆಮೇಲೆ ಚರ್ಚೆ. ನಿವೃತ್ತಿಯಾದ ಮೇಲೆ ನಿಮ್ಮಪ್ಪ ಮನೆಯಲ್ಲಿ ಕೂತು ನನ್ನ ಒಗ್ಗರಣೆಗೂ ತಪ್ಪು ಹುಡುಕತೊಡಗಿದ್ದರಿಂದ ನಾನೇ ಕೈಹಿಡಿದು ಕರೆದುಕೊಂಡು ಹೋಗಿದ್ದೆ. ಈ ಸಲ ಹಸೀನಾ ತಂದದ್ದು ಒಂದು ಕೊಲೆಯ ಕಾದಂಬರಿ. ಊರಿನ ಸಾಹುಕಾರ ತನ್ನ ಗೋದಾಮಿನಲ್ಲೇ ಸತ್ತು ಬಿದ್ದಿರುತ್ತಾನೆ. ಅನುಮಾನ ಮೂವರ ಮೇಲೆ: ಅವನ ತಮ್ಮ, ಹೆಂಡತಿ, ಆಳುಮಗ. ಕಡೆಯ ಅಧ್ಯಾಯವನ್ನು ಯಾರೂ ಕದ್ದು ಓದಬಾರದೆಂದು ಹಸೀನಾ ಅದಕ್ಕೆ ಪಿನ್ನು ಹೊಡೆದಿಟ್ಟಿದ್ದಳು. ಕೊಂದವರು ಯಾರೆಂದು ಮೊನ್ನೆ ಭಾನುವಾರ ಒಬ್ಬೊಬ್ಬರಾಗಿ ಹೇಳಬೇಕಿತ್ತು.

ನಿಮ್ಮಪ್ಪನಿಗೆ ಎಂಥ ಹುರುಪು ಗೊತ್ತೇ! ಮೂವತ್ತನಾಲ್ಕು ವರ್ಷ ಪೊಲೀಸ್ ಇಲಾಖೆಯಲ್ಲಿದ್ದವರು, ಕೊಲೆಯ ವಿಷಯದಲ್ಲಿ ಅವರ ಮಾತೇ ಮಾತು ಎಂದು ಎಲ್ಲರೂ ಕೊನೆಗೆ ಅವರ ಮುಖ ನೋಡಿದರು. ಅವರು ಗಂಟಲು ಸರಿಮಾಡಿಕೊಂಡು, ಆಳಿನ ಮನೆಯಲ್ಲಿ ಕುಡಗೋಲು ಸಿಕ್ಕಿದೆ, ಪಂಚನಾಮೆ ಆಗಿದೆ, ಇನ್ನು ವಾದವೇ ಬೇಡ, ಕೊಂದವನು ಆಳೇ ಎಂದರು. ಮೂಲೆಯಲ್ಲಿ ಕೂತಿದ್ದ ಅಂಜಲಿ ಆಗ ತಲೆ ಎತ್ತಿದಳು. ಜೂನಿನಲ್ಲಿ ನಮ್ಮೂರಿನ ಆಸ್ಪತ್ರೆಗೆ ಬಂದ ನರ್ಸು ಅವಳು. ತಪ್ಪದೆ ಬರುತ್ತಿದ್ದಳು, ಆದರೆ ಈ ಐದು ತಿಂಗಳಲ್ಲಿ ಅವಳು ಹತ್ತು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಸಿಕ್ಕದ್ದನ್ನ ಬರೀತಾರೇನ್ರಿ ಸರ್, ಬರದದ್ದನ್ನ ಸಿಗಸ್ತಾರೇನು?" ಎಂದು ಕೇಳಿದಳು.

ಇಬ್ಬರು ನಕ್ಕರು. ನಿಮ್ಮಪ್ಪನೂ ನಕ್ಕು, ಪಂಚರನ್ನು ಹೇಗೆ ಕರೆಯುತ್ತಾರೆ, ಎಲ್ಲಿ ಸಹಿ ಹಾಕಿಸುತ್ತಾರೆ ಎಂದು ಪಾಠ ಶುರುಮಾಡಿದರು. ಅಂಜಲಿ ನಗಲಿಲ್ಲ, ಎದ್ದು ನಿಂತಳು. ದನಿ ಏರಿಸಲಿಲ್ಲ, ಆಸ್ಪತ್ರೆಯಲ್ಲಿ ಔಷಧಿ ಹೇಳುವಂತೆಯೇ ಹೇಳಿದಳು. "ನಾ ಹೊನ್ನೂರಪ್ಪನ ಮಗಳದೀನ್ರಿ. ರೈಸ್ ಮಿಲ್ಲಿನ ಮಾಲೀಕನ್ನ ಕೊಂದಾನಂತ ನಮ್ಮಪ್ಪ ಬಳ್ಳಾರಿ ಜೈಲಿನ್ಯಾಗ ಅದಾನ. ಮನಿ ಹಿಂದಿನ ಬಣವಿಯೊಳಗಿಂದ ಕುಡಗೋಲು ತಾನ ತಗದುಕೊಟ್ಟ ಅಂತ ಕೋರ್ಟಿನ್ಯಾಗ ಹೇಳಿದವರು ನೀವು. ನನ್ನ ನರ್ಸಿಂಗ್ ಫೀಗೆ ದನ ಮಾರಿದ್ವಿ ಸರ್. ಆ ವರ್ಷ ನಮ್ಮನ್ಯಾಗ ಬಣವಿನ ಇರಲಿಲ್ಲ."

ಐದು ತಿಂಗಳಿಂದ ನಿಮ್ಮ ಎದುರಿಗೇ ಕೂತಿದ್ದೇನೆ, ಯಾವತ್ತಾದರೂ ನನ್ನ ಗುರುತು ಹಿಡಿಯುತ್ತೀರೇನೋ ಎಂದು ನೋಡುತ್ತಿದ್ದೆ ಎಂದು ಹೇಳಿ ಅವಳು ಚೀಲ ತೆಗೆದುಕೊಂಡು ಹೊರಟುಹೋದಳು. ಹಸೀನಾ ಪುಸ್ತಕ ಮುಚ್ಚಿದಳು. ಯಾರೂ ಯಾರ ಮುಖವನ್ನೂ ನೋಡದೆ ಚಪ್ಪಲಿ ಹುಡುಕಿಕೊಂಡೆವು. ಬಸ್‌ಸ್ಟ್ಯಾಂಡು ದಾಟುವಾಗ ನಿಮ್ಮಪ್ಪ ಒಂದೇ ಮಾತು ಹೇಳಿದರು, ಅವಳು ಹೇಳುವುದು ಸುಳ್ಳು ಎಂದು. ಮೂವತ್ತು ವರ್ಷ ಸಾಲಿ ಮಕ್ಕಳ ಮುಖ ನೋಡಿದವಳು ನಾನು; ಸುಳ್ಳು ಹೇಳುವವರು ಯಾರೆಂದು ಆಗಲೇ ತಿಳಿದಿತ್ತು. ತಿಳಿದದ್ದನ್ನು ಒಪ್ಪಲು ಇಡೀ ದಿನ ಹಿಡಿಯಿತು.

ನಿನ್ನೆ ಮುಂಜಾನೆ ರೊಟ್ಟಿ ಬಡಿದಿಟ್ಟೆ, ಅವರು ಮುಟ್ಟಲಿಲ್ಲ. ನಾನು ಒಲೆ ಆರಿಸಿ ಎದುರಿಗೆ ಕೂತೆ. ಬಣವೆ ಇತ್ತೋ ಇಲ್ಲವೋ ಎಂದಷ್ಟೇ ಕೇಳಿದೆ. ಬಹಳ ಹೊತ್ತು ತಟ್ಟೆಯ ಅಂಚನ್ನು ಬೆರಳಿನಿಂದ ತೀಡಿದರು. ಆಮೇಲೆ, "ನಾ ಆ ಊರಿಗೆ ಹೋಗೇ ಇರಲಿಲ್ಲ," ಎಂದರು. ಕುಡಗೋಲು ಮೊದಲಿಂದಲೂ ಠಾಣೆಯ ಮೇಜಿನ ಮೇಲಿತ್ತಂತೆ. ಸಾಹೇಬರು ಹೇಳಿದರು, ಇವರು ಬರೆದರು. ಮೂರು ವರ್ಷದ ಮೇಲೆ ಕೋರ್ಟಿನಲ್ಲಿ ಅದನ್ನೇ ಕಣ್ಣಾರೆ ಕಂಡಂತೆ ಹೇಳಿ ಬಂದರು. ಹೊನ್ನೂರಪ್ಪ ಕೊಂದನೋ ಇಲ್ಲವೋ ಇವರಿಗೆ ಇವತ್ತಿಗೂ ಗೊತ್ತಿಲ್ಲ. ನನ್ನನ್ನು ಸುಟ್ಟದ್ದು ಅದೇ. ಇನ್ನೊಂದು ಮಾತೂ ಇದೆ. ಸಾಕ್ಷಿ ಹೇಳಿದ ವರ್ಷವೇ ಅವರಿಗೆ ಕುಷ್ಟಗಿಗೆ ವರ್ಗವಾಯಿತು. ಗಂಡ ಒಂದೂರು, ನಾನೊಂದೂರು ಎಂದು ಜೀವ ತಿಂದು ಆ ವರ್ಗಕ್ಕಾಗಿ ಸಾಹೇಬರ ಕಾಲು ಹಿಡಿಯಿರಿ ಎಂದವಳು ನಾನೇ. ಆದೇಶ ಬಂದ ದಿನ ಸಾಲಿಯಲ್ಲಿ ಪೇಢೆ ಹಂಚಿದ್ದೆ. ಆದ್ದರಿಂದ ಅವರೊಬ್ಬರನ್ನೇ ದೂರಲು ನನಗೆ ಬಾಯಿಲ್ಲ.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಅಂಜಲಿ ಒಂದು ಕೂಸಿಗೆ ಸೂಜಿ ಚುಚ್ಚುತ್ತಿದ್ದಳು. ಮುಗಿಯುವವರೆಗೆ ನನ್ನ ಕಡೆ ನೋಡಲಿಲ್ಲ. ಮುಗಿದ ಮೇಲೆ ನಾನು ಕೈಮುಗಿಯಲು ಹೋದರೆ ತಡೆದಳು. "ನನಗ ಮಾಫಿ ಬ್ಯಾಡ್ರಿ ಟೀಚರ್. ಅವರು ಹೇಳಿದ ಮಾತು ಹಿಂದಕ್ಕ ತಗೋಬೇಕು, ಅಷ್ಟ." ಮೇಲ್ಮನವಿ ಇನ್ನೂ ಧಾರವಾಡದ ಹೈಕೋರ್ಟಿನಲ್ಲಿದೆಯಂತೆ, ಡಿಸೆಂಬರಿನಲ್ಲಿ ತಾರೀಖು. ಗಂಗಾವತಿಯ ವಕೀಲೆ ಅತೀಯಾ ಅವರ ನಂಬರು ಬರೆದುಕೊಟ್ಟಳು. ಆ ಸಾಕ್ಷಿ ಸುಳ್ಳೆಂದು ಇವರು ಪ್ರಮಾಣಪತ್ರ ಬರೆದುಕೊಟ್ಟರೆ ಏನಾಗಬಹುದೆಂದು ಅತೀಯಾ ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು. ಸುಳ್ಳು ಸಾಕ್ಷಿಯ ಕೇಸು ಬೀಳಬಹುದು, ಪಿಂಚಣಿ ನಿಲ್ಲಬಹುದು, ಜೈಲೂ ಆಗಬಹುದು. ಹೊನ್ನೂರಪ್ಪ ಬಿಡುಗಡೆಯಾಗುತ್ತಾನೆಂಬ ಖಾತ್ರಿಯೂ ಇಲ್ಲ. ಆದರೆ ಆ ಕುಡಗೋಲಿನ ಮಾತು ಬಿದ್ದರೆ ಕೇಸಿನಲ್ಲಿ ಉಳಿಯುವುದು ಬಹಳ ಕಡಿಮೆಯಂತೆ.

ಇದನ್ನೆಲ್ಲ ಕೇಳಿ ನಿಮ್ಮಪ್ಪ ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. "ಹನಮೇಶಂದು ಇನ್ನೂ ಟ್ರೇನಿಂಗ್ ಮುಗಿದಿಲ್ಲ. ಸುಳ್ಳು ಸಾಕ್ಷಿ ಹೇಳಿದವನ ಮಗ ಅಂತ ಅಂದ್ರ?" ಎಂದರು. ನೀನು ಎಸ್‌ಐ ಆಗಿ ಆಯ್ಕೆಯಾದ ದಿನ ಅಪ್ಪನ ಹಾಗೆ ಆಗುತ್ತೇನೆ ಎಂದಿದ್ದೆಯಲ್ಲ, ಅದನ್ನು ಅವರು ಮರೆತಿಲ್ಲ. ಇವತ್ತು ಬೆಳಗಿನಿಂದ ನಂಬರಿನ ಚೀಟಿಯನ್ನು ಮಡಚುತ್ತಾರೆ, ಬಿಚ್ಚುತ್ತಾರೆ. ಹೋಗಿ ಎನ್ನಲು ನನಗೆ ಹೆದರಿಕೆ. ಬೇಡ ಎನ್ನಲು ನಾಚಿಕೆ.

ಮಗನೇ, ನಿನ್ನ ಮೇಲೆ ಸಿಟ್ಟಿನ, ದುಃಖದ ಭಾರ ಹೊರಿಸುತ್ತಿದ್ದೇನೆ. ಹೊಟ್ಟೆ ತುಂಬ ಉಣ್ಣು. ಹುಲಿಗೆಮ್ಮ ದೇವಿ ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಹುಲಗಮ್ಮ

ತಾ.ಕ.: ಶುಕ್ರವಾರ ಮಧ್ಯಾಹ್ನ, ಗಂಗಾವತಿ. ಈ ಕಾಗದವನ್ನು ಮಂಗಳವಾರವೇ ಬರೆದಿದ್ದರೂ ಬೇಕೆಂದೇ ಚೀಲದಲ್ಲಿ ಇಟ್ಟುಕೊಂಡೆ. ಮೊದಲೇ ಮುಟ್ಟಿದ್ದರೆ ನೀನು ಹೇಗಾದರೂ ಫೋನು ಹಿಡಿದು ಅಪ್ಪಾ ಬೇಡ ಎನ್ನುತ್ತಿದ್ದೆಯೇನೋ, ನೀನಂದರೆ ಅವರು ಕೇಳಿಬಿಡುತ್ತಿದ್ದರು. ನಿನ್ನ ಮೇಲೆ ನಂಬಿಕೆ ಇಡದ ತಪ್ಪು ನನ್ನದು, ಹೊಟ್ಟೆಗೆ ಹಾಕಿಕೋ. ಅರ್ಧ ತಾಸಿನ ಹಿಂದೆ ಅವರು ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ಅಂಜಲಿ ಬಾಗಿಲಲ್ಲಿ ನಿಂತು ನೋಡಿದಳು. ಈಗ ವಕೀಲರ ಮನೆಯ ಕಟ್ಟೆಯ ಮೇಲೆ ಕೂತು, ಹನಮೇಶನಿಗೆ ಯಾವಾಗ ತಿಳಿಯುತ್ತದೆ ಎಂದು ನನ್ನನ್ನು ಎರಡು ಸಲ ಕೇಳಿದರು. ಭಾನುವಾರಕ್ಕೆ ಕಾಗದ ಮುಟ್ಟದಿದ್ದರೆ ಅದರ ಮುಂದಿನ ಭಾನುವಾರ. ಫೋನು ಕೈಗೆ ಬಂದಾಗ ನನ್ನನ್ನು ಕರೆಯಬೇಡ, ಮೊದಲು ಅಪ್ಪನನ್ನು ಕರೆ. ಏನು ಹೇಳಬೇಕೆಂದು ತಿಳಿಯದಿದ್ದರೆ ಅಪ್ಪಾ ಎಂದಷ್ಟೇ ಅನ್ನು.